ಒಂದೆಕರೆ ತೋಟ, ಒಂಬತ್ತೆಕರೆ ಬೆಟ್ಟ ಮತ್ತು ನಮ್ಮವರ ಪುಸ್ತಕ

ಮಳೆ ಬಿಟ್ಟ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎರಡು ಬೆಳೆ ಕೊಯ್ಲಿಗೆ ಬರುತ್ತವೆ. ಒಂದು ಅಡಕೆ, ಇನ್ನೊಂದು ಪುಸ್ತಕ. ಅಡಕೆಗೆ ದರ ಉಂಟು, ಟೆಂಡರ್ ಉಂಟು, 1923ರಲ್ಲೇ ಕಟ್ಟಿಕೊಂಡ ತೋಟಗಾರರ ಸಹಕಾರಿ ಮಾರಾಟ ಸಂಘ ಉಂಟು. ಪುಸ್ತಕಕ್ಕೆ ಎಂತ ಉಂಟು? ಒಂದು ಶಾಲು, ಒಂದು ಹಾರ, ಹತ್ತು ಜನ ಕೂತ ವೇದಿಕೆ, ಮರುದಿನ ಪೇಪರಿನಲ್ಲಿ ಒಂದು ಫೋಟೋ. ಆಮೇಲೆ ಪುಸ್ತಕ ಅಟ್ಟ ಸೇರುತ್ತದೆ.

ಕಳೆದ ವರ್ಷ ಇಂಥದೊಂದು ಬಿಡುಗಡೆಗೆ ನಾವು ಹೋಗಿದ್ದೆವು. ಒಂದೇ ಸಂಜೆ ಆರು ಪುಸ್ತಕ. ಎಲ್ಲವೂ ‘ಸ್ವತಂತ್ರ ಲೇಖಕ’ರದ್ದು ಅಂತ ನಿರೂಪಕರು ನಾಲ್ಕು ಸಲ ಹೇಳಿದರು. ಸ್ವತಂತ್ರ ಅಂದರೆ ದೊಡ್ಡ ಪ್ರಕಾಶಕರ ಹಂಗಿಲ್ಲದೆ ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದವರು. ಕೇಳಲಿಕ್ಕೆ ಚಂದ. ಆದರೆ ವೇದಿಕೆ ನೋಡಿದರೆ ಈ ಸ್ವಾತಂತ್ರ್ಯದಲ್ಲೂ ಎರಡು ಪಂಕ್ತಿ. ಮುಂದಿನ ಕುರ್ಚಿಯಲ್ಲಿ ತೋಟದ ದುಡ್ಡಿನ ಸ್ವತಂತ್ರರು, ನಿವೃತ್ತಿ ಹಣದ ಸ್ವತಂತ್ರರು. ಹಿಂದಿನ ಸಾಲಿನಲ್ಲಿ ಸಂಘದಲ್ಲಿ ಸಾಲ ಎತ್ತಿ ಪುಸ್ತಕ ಮಾಡಿಸಿದ ಒಬ್ಬ ಅತಿಥಿ ಉಪನ್ಯಾಸಕ, ಮತ್ತೆ ಅಡಕೆ ಸುಲಿಯುವ ಒಬ್ಬ ಹೆಂಗಸು. ಆಕೆಯ ಪುಸ್ತಕವೂ ಆರರಲ್ಲಿ ಒಂದು. ಸಮಯದ ಅಭಾವದಿಂದ ಆಕೆಗೆ ಮಾತಾಡಲಿಕ್ಕೆ ಆಗಲಿಲ್ಲ. ಸಮಯದ ಅಭಾವ ಯಾವಾಗಲೂ ಹಿಂದಿನ ಸಾಲಿಗೇ ಯಾಕೆ ಬರುತ್ತದೆ ಅಂತ ಯಾರಾದರೂ ಹೇಳಬೇಕು.

ಆರನ್ನೂ ಕೊಂಡು ತಂದು ಓದಿದೆವು. ಒಂದು ಹನಿಗವನ, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಇನ್ನೊಂದು ಪ್ರವಾಸ ಕಥನ. ಅಮೆರಿಕದಲ್ಲಿ ಮಗನ ಮನೆಯ ಅಡುಗೆಮನೆ ವರ್ಣನೆ ಹದಿನೆಂಟು ಪುಟ ಉಂಟು, ಆ ದೇಶದ ಕರಿಯರ ಬಗ್ಗೆ ಒಂದೂವರೆ ಸಾಲು, ಅದೂ ಹೆದರಿಕೆಯದ್ದು. ಯಲ್ಲಾಪುರದಲ್ಲಿ ಹುಟ್ಟಿ ಬೆಳೆದು ಸಿದ್ದಿಗಳ ನಡುವೆ ಐವತ್ತು ವರ್ಷ ಬದುಕಿದ ಮನುಷ್ಯ ಇದನ್ನು ಬರೆಯಬಲ್ಲ ಅಂದರೆ, ಊರಿನಲ್ಲಿ ಇವರು ಕಣ್ಣು ತೆರೆದದ್ದು ಯಾವಾಗ?

ಮೂರನೆಯದು ಅಜ್ಜನ ಜೀವನಚರಿತ್ರೆ. ಸಿದ್ದಾಪುರ ಸೀಮೆಯ ಕರನಿರಾಕರಣೆ ಚಳವಳಿ, 1930ರ ದಶಕದ್ದು. ಇದು ಒಳ್ಳೆಯ ಪುಸ್ತಕವೇ. ಜಪ್ತಿಯಾದ ಪಾತ್ರೆಪಗಡಗಳ ಪಟ್ಟಿ ಉಂಟು, ಜೈಲಿನಿಂದ ಬರೆದ ಪತ್ರ ಉಂಟು. ಆದರೆ ಅಜ್ಜ ಜೈಲಿಗೆ ಹೋದಾಗ ತೋಟಕ್ಕೆ ಸೊಪ್ಪು ಹೊತ್ತವರು ಯಾರು, ದನ ಕಾಯ್ದವರು ಯಾರು, ಅವರು ಉಂಡರೋ ಇಲ್ಲವೋ ಒಂದು ಅಕ್ಷರ ಇಲ್ಲ. ಇನ್ನೂರು ಪುಟದ ತುಂಬ ಮನೆ ಇದೆ, ಆ ಮನೆಯ ಹಿತ್ತಿಲು ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆಯ ಸೊಪ್ಪಿನ ಬೆಟ್ಟದ ಕಾನೂನು ಬಯಲುಸೀಮೆಯ ಗೆಳೆಯರಿಗೆ ಗೊತ್ತಿರಲಿಕ್ಕಿಲ್ಲ. ಘಟ್ಟದ ಮೇಲೆ ಒಂದು ಎಕರೆ ಅಡಕೆ ತೋಟ ಇದ್ದವನಿಗೆ ಒಂಬತ್ತು ಎಕರೆವರೆಗೆ ಕಾಡಿನ ಬೆಟ್ಟ ಸೌಲಭ್ಯವಾಗಿ ಸಿಗುತ್ತದೆ. ಸೊಪ್ಪು, ದರಕು, ಉರುವಲು ತರಬಹುದು. ಬ್ರಿಟಿಷರ ಕಾಲದಿಂದ ಬಂದ ಹಕ್ಕು. ತೋಟ ಹಸುರಾಗಿರುವುದು ಬೆಟ್ಟದ ಗೊಬ್ಬರದಿಂದ. ತೋಟವೇ ಇಲ್ಲದವನಿಗೆ ಬೆಟ್ಟವೂ ಇಲ್ಲ, ಅವನು ಅದೇ ಬೆಟ್ಟಕ್ಕೆ ಕೂಲಿಯಾಗಿ ಮಾತ್ರ ಹೋಗಬೇಕು. ನಮ್ಮ ಜಿಲ್ಲೆಯ ಸಾಹಿತ್ಯವೂ ಬಹುಮಟ್ಟಿಗೆ ಇದೇ ಲೆಕ್ಕದಲ್ಲಿ ಬೆಳೆದದ್ದು. ಬರೆಯುವವನ ಬದುಕು ಒಂದೆಕರೆ, ಅದಕ್ಕೆ ಗೊಬ್ಬರವಾಗಿ ಹೋದದ್ದು ಒಂಬತ್ತೆಕರೆ ಬೇರೆಯವರ ಬದುಕು.

ನಾಲ್ಕನೆಯ ಪುಸ್ತಕವೇ ಸಾಕ್ಷಿ. ಸಿದ್ದಿಗಳ, ಗೌಳಿಗಳ, ಕರಿಒಕ್ಕಲಿಗರ ಹಾಡುಗಳ ಸಂಗ್ರಹ. ಮುಖಪುಟದ ಮೇಲೆ ಸಂಗ್ರಾಹಕರ ಹೆಸರು ದಪ್ಪಗೆ. ಒಳಗೆ ಕೃತಜ್ಞತೆ ಮುದ್ರಕರಿಗೆ, ಪತ್ನಿಗೆ, ಮುನ್ನುಡಿಕಾರರಿಗೆ, ‘ಹಾಡಿದ ಎಲ್ಲ ಅಜ್ಜಿಯರಿಗೆ’. ಅಜ್ಜಿಯರಿಗೆ ಹೆಸರು ಇಲ್ಲವೇನ್ರಿ? ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡಾಗ ರಾಜ್ಯವೆಲ್ಲ ಹೆಸರು ಹಿಡಿದು ನೆನೆಯಿತು. ಹೆಸರು ಬರೆದರೆ ಹಾಡು ಸವೆಯುವುದಿಲ್ಲ. ಜಾನಪದಕ್ಕೆ ಕರ್ತೃ ಇಲ್ಲ ಅನ್ನುವ ಮಾತು ಶಾಸ್ತ್ರದ್ದಂತೆ. ಆ ಶಾಸ್ತ್ರ ಸಂಗ್ರಾಹಕನ ಸಂಭಾವನೆಗೆ ಮಾತ್ರ ಯಾಕೆ ಅನ್ವಯಿಸುವುದಿಲ್ಲ?

ಇದು ಬರೀ ಮರ್ಯಾದೆಯ ಪ್ರಶ್ನೆ ಅಂದುಕೊಳ್ಳಬೇಡಿ, ಮಣ್ಣಿನ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ನೆಲೆಸಿದ್ದನ್ನು ತೋರಿಸಬೇಕು. ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದರು. ಗೌಳಿಗರು ಸೇರಿಲ್ಲ. ಹಾಗಾದರೆ ಪುರಾವೆ ಎಲ್ಲಿಂದ ತರಬೇಕು? ನಿಯಮದ ಪ್ರಕಾರ ಗೆಜೆಟಿಯರೂ ಪುರಾವೆ, ಸಂಶೋಧಕರ ಅಧ್ಯಯನವೂ ಪುರಾವೆ, ಹಿರಿಯರ ಹೇಳಿಕೆಯನ್ನು ಬರಹಕ್ಕೆ ಇಳಿಸಿದರೆ ಅದೂ ಪುರಾವೆ. 1883ರಲ್ಲಿ ಮುಂಬಯಿ ಸರಕಾರ ಕೆನರಾ ಜಿಲ್ಲೆಯ ಗೆಜೆಟಿಯರ್ ಅಚ್ಚು ಹಾಕಿತು. ಯಾರು ಎಂಥ ಜಾತಿ, ಎಂತ ಉಣ್ಣುತ್ತಾರೆ, ಎಲ್ಲಿ ಇರುತ್ತಾರೆ ಅಂತ ದೊರೆಗಳು ಬರೆದರು. ಆಗ ಬರೆದದ್ದು ಇವತ್ತು ಸಾಕ್ಷಿ. ನಮ್ಮ ಅಜ್ಜಿ ಹಾಡಿನಲ್ಲಿ ಹಳ್ಳದ ಹೆಸರು, ಗುಡ್ಡದ ಹೆಸರು, ಹೂಳಿದ ಗಂಡನ ಹೆಸರು ಹೇಳಿದ್ದಾಳೆ. ಸಂಗ್ರಾಹಕರು ಅವಳ ಹೆಸರು, ಊರು, ವಯಸ್ಸು ಮೂರನ್ನೂ ಬಿಟ್ಟುಬಿಟ್ಟಿದ್ದಾರೆ. ಬಿಟ್ಟದ್ದು ಒಂದು ಸಾಲು. ಆ ಸಾಲು ಇದ್ದಿದ್ದರೆ ನಾಳೆ ಅರಣ್ಯ ಹಕ್ಕು ಸಮಿತಿಯ ಎದುರು ಅವಳ ಮೊಮ್ಮಗನ ಕೈಲಿ ಒಂದು ಕಾಗದ ಇರುತ್ತಿತ್ತು. ಮೇಷ್ಟರುಗಳೇ, ನೀವು ಶಾಲೆ ಮಕ್ಕಳಿಂದ ಹಾಡು ಬರೆಸುವಾಗ ಇದನ್ನು ಮರೆಯಬೇಡಿ.

ಇನ್ನು ನಮ್ಮವರದ್ದು. ಅತಿಥಿ ಉಪನ್ಯಾಸಕನ ಕವನ ಸಂಕಲನಕ್ಕೆ ರಿಯಾಯಿತಿ ಕೊಡಲಿಕ್ಕೆ ನಾವು ತಯಾರಿಲ್ಲ. ನಲವತ್ತು ಕವನದಲ್ಲಿ ಮೂವತ್ತು ಕಡೆ ಬೆಂಕಿ, ಇಪ್ಪತ್ತು ಕಡೆ ನೆತ್ತರು. ಈ ಬೆಂಕಿ ಅವನದ್ದಲ್ಲ, ನಾವು ಸಭೆಗಳಲ್ಲಿ ಕೂಗಿ ಕೂಗಿ ಹಳತು ಮಾಡಿದ್ದು. ತಪ್ಪು ನಮ್ಮದೂ ಹೌದು. ಆದರೆ ಕೊನೆಯಲ್ಲಿ ‘ಲೇಖಕನ ಮಾತು’ ಅಂತ ಎರಡು ಪುಟ ಉಂಟು. ತೋಟದ ಮನೆಯ ಹಿತ್ತಿಲಲ್ಲಿ, ಕೊಟ್ಟಿಗೆ ಜಂತೆಗೆ ಸಿಕ್ಕಿಸಿಟ್ಟ ಒಂದು ಸ್ಟೀಲು ಲೋಟ. ಅವನ ಅಪ್ಪನಿಗೆ ಚಾ ಕೊಡಲಿಕ್ಕೆ ಇಟ್ಟದ್ದು. ಅಪ್ಪ ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸುತ್ತಿದ್ದ. ಮಗ ಎಂ.ಎ. ಪಾಸಾದ ವರ್ಷ ಅದೇ ಮನೆಯವರು ಸಂತೋಷಪಟ್ಟು ಅವನನ್ನು ಜಗುಲಿಗೆ ಕರೆದು ಪಿಂಗಾಣಿ ಕಪ್ಪಿನಲ್ಲಿ ಚಾ ಕೊಟ್ಟರು. ಅಪ್ಪ ಹಿತ್ತಿಲಲ್ಲಿ ಲೋಟ ಹಿಡಿದು ನಿಂತಿದ್ದ. ಅಷ್ಟೇ ಬರೆದಿದ್ದಾನೆ, ಒಂದು ಬೈಗುಳವೂ ಇಲ್ಲ. ಈ ಎರಡು ಪುಟಕ್ಕೆ ನಾವು ನಲವತ್ತೂ ಕವನ ಕೊಡುತ್ತೇವೆ. ತಮ್ಮಾ, ಮುಂದಿನ ಪುಸ್ತಕ ಅಲ್ಲಿಂದ ಶುರು ಮಾಡು.

ಈ ಪುಸ್ತಕಕ್ಕೆ ಒಬ್ಬ ಹೆಸರಾಂತ ವಿಮರ್ಶಕರ ಮುನ್ನುಡಿ ಬೇರೆ. ಹನ್ನೊಂದು ಪುಟದಲ್ಲಿ ಹತ್ತು ಪುಟ ಅವರದೇ ಸಿದ್ಧಾಂತ. ನಮ್ಮ ಹುಡುಗರಿಗೆ ತಹಶೀಲ್ದಾರರ ಹತ್ತಿರ ಒಂದು ಜಾತಿ ಪ್ರಮಾಣಪತ್ರ ಸಾಲದೆ, ಸಾಹಿತ್ಯಕ್ಕೂ ಇನ್ನೊಂದು ಬೇಕಾಯಿತೆ?

‘ಸ್ವಂತ ಅಚ್ಚು ಹಾಕಿಸಿದ್ದೆಲ್ಲ ಕಸ, ಒಳ್ಳೆಯದಿದ್ದರೆ ಪ್ರಕಾಶಕರೇ ಹುಡುಕಿಕೊಂಡು ಬರುತ್ತಿದ್ದರು’ ಅನ್ನುವ ಪಂಡಿತರಿಗೂ ಒಂದು ಮಾತು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಬಾಬಾಸಾಹೇಬರನ್ನು ಅಧ್ಯಕ್ಷತೆಗೆ ಕರೆದು, ಭಾಷಣ ಓದಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿತು. ಅವರು ಎಂತ ಮಾಡಿದರು? ಆ ಭಾಷಣವನ್ನು ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳೊಳಗೆ ಖರ್ಚಾಯಿತು. ಜಾತಿ ವಿನಾಶದ ಆ ಪುಸ್ತಕ ಲೇಖಕನೇ ಹೊರತಂದ ಪುಸ್ತಕ, ಸ್ವಾಮೀ. ಕನ್ನಡದಲ್ಲಿ ಗಳಗನಾಥರು ತಮ್ಮ ಕಾದಂಬರಿ ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕಾರಂತರು ಪುತ್ತೂರಿನಲ್ಲಿ ಸ್ವಂತ ಪ್ರೆಸ್ಸೇ ಹಾಕಿದರು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದದ್ದಕ್ಕೆ ಮಂತ್ರಿ ಪದವಿ ಹೋಯಿತು, 1979ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿಗೆ ಜಾಗ ಇಲ್ಲ ಅಂದರು. ಆ ಸಿಟ್ಟಿನಲ್ಲಿ ಹುಟ್ಟಿದ ಬಂಡಾಯ ನಡೆದದ್ದು ಸೈಕ್ಲೋಸ್ಟೈಲ್ ಹಾಳೆ, ಟ್ರೆಡಲ್ ಪ್ರೆಸ್ಸು, ಕಿಸೆಯ ಕಾಸಿನ ಮೇಲೆ. ನಮ್ಮ ಜಿಲ್ಲೆಯಲ್ಲೇ ಕೆರೆಕೋಣದ ಆರ್. ವಿ. ಭಂಡಾರಿಯವರು ಹಳ್ಳಿಯಲ್ಲಿ ಕೂತು ಬಂಡಾಯ ಪ್ರಕಾಶನ ನಡೆಸಿದರು. ಇವೆಲ್ಲ ಕಸವೋ?

ಇದ್ದೂ ನಾವು ಒಪ್ಪಬೇಕಾದ್ದು ಉಂಟು. ಅವರು ಅಚ್ಚು ಹಾಕಿಸಿ ಸುಮ್ಮನೆ ಕೂರಲಿಲ್ಲ, ಹೊತ್ತು ಮಾರಿದರು. ಇವತ್ತು ಡಿಟಿಪಿ ಬಂದಿದೆ, ಐವತ್ತೇ ಪ್ರತಿ ಬೇಕಾದರೂ ಹಾಕಿಸಬಹುದು. ಆದರೆ ಲೇಖಕನ ಕಣ್ಣು ಓದುಗನ ಮೇಲಿಲ್ಲ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲಿದೆ. ಅಲ್ಲಿ ಪುಟಕ್ಕೆ ಇಷ್ಟು ಅಂತ ದರ. ಅಡಕೆ ಸುಲಿಯುವವಳಿಗೆ ಡಬ್ಬಿ ಲೆಕ್ಕ, ಬರೆಯುವವನಿಗೆ ಪುಟದ ಲೆಕ್ಕ. ಹಾಗಾಗಿ ಅರವತ್ತು ಪುಟದ ವಿಷಯ ನೂರ ಎಂಬತ್ತಕ್ಕೆ ಹಿಗ್ಗುತ್ತದೆ, ಅಕ್ಷರ ದಪ್ಪ ಆಗುತ್ತದೆ, ಸಾಲುಗಳ ನಡುವೆ ಎತ್ತಿನಗಾಡಿ ಹೊಡೆಯಬಹುದು. ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಕೊಡುವವರು ನಾವೇ. 2019ರಲ್ಲಿ ಪಂಚಾಯತಿ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಗೆ ಹೋದವು, ‘ಅರಿವು ಕೇಂದ್ರ’ ಅಂತ ಹೆಸರಾಯಿತು. ಅಲ್ಲಿ ಹೋಗಿ ನೋಡಿ, ಅದೇ ಊರಿನವರು ಬರೆದ ಪುಸ್ತಕ ಎಷ್ಟು ಉಂಟು ಅಂತ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ರಸ್ತೆ ಕೇಳುತ್ತೀರಿ, ಪುಸ್ತಕ ಕೇಳಲಿಕ್ಕೆ ನಾಚಿಕೆ ಯಾಕೆ?

ಬೇರೆ ದಾರಿ ಇಲ್ಲ ಅನ್ನುವವರು 2022ನ್ನು ನೆನೆಯಲಿ. ದೇವನೂರ ಮಹಾದೇವರು ಆರೆಸ್ಸೆಸ್ ಬಗ್ಗೆ 64 ಪುಟದ ಒಂದು ಕಿರುಪುಸ್ತಕ ಬರೆದರು, ಬೆಲೆ 40 ರೂಪಾಯಿ. ಒಬ್ಬ ಪ್ರಕಾಶಕನಿಗೆ ಕಟ್ಟಿಹಾಕದೆ, ಯಾರು ಬೇಕಾದರೂ ಅಚ್ಚು ಹಾಕಿ ಅಂದರು. ಹಲವು ಸಣ್ಣ ಪ್ರಕಾಶನಗಳು, ಸಂಘಟನೆಗಳು ಒಟ್ಟಿಗೇ ಹಾಕಿದವು, ಪ್ರತಿ ಲಕ್ಷ ದಾಟಿತು. ಹೌದು, ಅವರಿಗೆ ದೇವನೂರ ಅನ್ನುವ ಹೆಸರಿತ್ತು, ನಮ್ಮ ಹುಡುಗನಿಗೆ ಇಲ್ಲ. ಆದರೆ ಪುಸ್ತಕ ಕೈಯಿಂದ ಕೈಗೆ ಹೋದದ್ದು ಹೆಸರಿನಿಂದ ಮಾತ್ರ ಅಲ್ಲ, ಹೊರುವ ಭುಜಗಳಿದ್ದವು.

ಆರನೆಯ ಪುಸ್ತಕ ಉಳಿಯಿತು. ಅಡಕೆ ಸುಲಿಯುವ ಆ ಹೆಂಗಸಿನದ್ದು. 72 ಪುಟ, ಮುನ್ನುಡಿ ಇಲ್ಲ, ಕಾಗುಣಿತ ತಪ್ಪು ಬೇಕಾದಷ್ಟು. ಮೆಟ್ಟುಗತ್ತಿ ಎದುರು ರಾತ್ರಿ ಎರಡು ಗಂಟೆವರೆಗೆ ಕೂತಾಗ ನಿದ್ದೆ ಬಾರದ ಹಾಗೆ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡ ಕತೆಗಳನ್ನು ಬರೆದಿದ್ದಾಳೆ. ಪ್ರತಿ ಕತೆಯ ಕೆಳಗೆ ಹೇಳಿದವಳ ಹೆಸರು, ಕೇರಿ, ಆ ರಾತ್ರಿ ಎಷ್ಟು ಡಬ್ಬಿ ಸುಲಿದಳು, ಎಷ್ಟು ಕೂಲಿ ಸಿಕ್ಕಿತು. ವಿಶ್ವವಿದ್ಯಾಲಯದ ಯಾವ ಸಂಶೋಧಕನಿಗೂ ಹೊಳೆಯದ ಅಡಿಟಿಪ್ಪಣಿ ಇದು. ಒಬ್ಬಳ ಬೆರಳು ಕತ್ತಿಗೆ ಸಿಕ್ಕಿ ಅರ್ಧಕ್ಕೆ ನಿಂತ ಕತೆಯನ್ನು ಅರ್ಧಕ್ಕೇ ಅಚ್ಚು ಹಾಕಿಸಿದ್ದಾಳೆ.

ಮನೆಗೆ ಹೋಗಿ ವಿಚಾರಿಸಿದೆವು. ಮುನ್ನೂರು ಹಾಕಿಸಿದ್ದು, ಬಿಡುಗಡೆಯ ದಿನ ಹೋದದ್ದು ಹದಿನೇಳು, ಅದರಲ್ಲಿ ದುಡ್ಡು ಕೊಟ್ಟವರು ಒಂಬತ್ತು ಮಂದಿ. ಉಳಿದದ್ದು ಅಡಕೆ ಚೀಲದಲ್ಲಿ ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದಾಳೆ, ಥಂಡಿಗೆ ಬೂಸು ಹಿಡಿಯಬಾರದು ಅಂತ. ಹೊಗೆಗೆ ಅಂಚು ಕಂದಿದೆ, ಅಕ್ಷರಕ್ಕೆ ಏನೂ ಆಗಿಲ್ಲ. ನೂರು ಪ್ರತಿ ನಾವು ತಂದಿದ್ದೇವೆ. ಬೆಲೆ 60 ರೂಪಾಯಿ, ಯಾರಿಗೂ ಪುಕ್ಕಟೆ ಇಲ್ಲ, ಗೌರವ ಪ್ರತಿಯೂ ಇಲ್ಲ. ಮೂರೂ ತಾಲ್ಲೂಕಿನ ಸಂತೆಗಳಲ್ಲಿ ಬೀಜದ ಅಂಗಡಿ ಪಕ್ಕ ಚೀಲ ಹಾಸಿ ಕೂರುತ್ತೇವೆ. ಎಷ್ಟು ಹೋಯಿತು, ಯಾರು ಕೊಂಡರು, ಓದಿದವರು ಏನು ಬೈದರು ಅನ್ನುವ ಲೆಕ್ಕ ಮುಂದಿನ ಸಂಚಿಕೆಯಲ್ಲಿ.