ಬಸಿರು ನಿಲ್ಲದಿದ್ದರೆ ದೂರು ಸೊಸೆಯ ಮೇಲೇಕೆ?

ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದಾಗ, ಇಲ್ಲವೇ ಬಸಿರು ಮೇಲಿಂದ ಮೇಲೆ ಇಳಿದುಹೋದಾಗ, ಭಟ್ಕಳದಿಂದ ಕುಮಟಾವರೆಗಿನ ನಮ್ಮ ಕರಾವಳಿಯಲ್ಲಿ ಮಾತು ಬೇಗ ನಾಗದೋಷಕ್ಕೋ ಗ್ರಹಣಕ್ಕೋ ಹೊರಳುತ್ತದೆ. ಕೊನೆಗೆ ಬಂದು ನಿಲ್ಲುವುದು ಸೊಸೆಯ ಮೇಲೆ. ಸ್ವಲ್ಪ ಓದಿಕೊಂಡವರು ಸೋದರ ಸಂಬಂಧದ ಮದುವೆಯನ್ನು ದೂರುತ್ತಾರೆ. ಅಂಥ ಮದುವೆಯಿಂದ ಕೆಲವು ವಂಶವಾಹಿ ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ನಿಜ. ಆದರೆ ವರ್ಣತಂತುಗಳ ಎಣಿಕೆ ತಪ್ಪುವುದು ಬೇರೆಯೇ ಸಂಗತಿ. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದ ಹೆಂಗಸರಿಗೆ ಆಗಿರುವ ಅನ್ಯಾಯ ಸಣ್ಣದಲ್ಲ.

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂಬುದು ಖಚಿತವಾದದ್ದೇ 1956ರಲ್ಲಿ. ಅಂಡ ಮತ್ತು ವೀರ್ಯಾಣು ರೂಪುಗೊಳ್ಳುವಾಗ ಕೋಶ ವಿಭಜನೆಯಲ್ಲಿ ಅವು 23ಕ್ಕೆ ಇಳಿಯಬೇಕು. ಹೆಣ್ಣುಮಗು ಇನ್ನೂ ತನ್ನ ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಕೋಶಗಳಲ್ಲಿ ಈ ಕೆಲಸ ಆರಂಭವಾಗಿ ಅರ್ಧಕ್ಕೆ ನಿಲ್ಲುತ್ತದೆ. ಮುಂದುವರಿಯುವುದು ಹದಿನೈದು, ಮೂವತ್ತು, ನಲವತ್ತು ವರ್ಷಗಳ ನಂತರ. ಅಷ್ಟು ಕಾಲ ಹಿಡಿದಿಟ್ಟ ವರ್ಣತಂತು ಜೋಡಿ ಕೆಲವೊಮ್ಮೆ ಬಿಡಿಸಿಕೊಳ್ಳುವುದೇ ಇಲ್ಲ. ಹಾಗೆ 21ನೆಯ ವರ್ಣತಂತು ಎರಡರ ಬದಲು ಮೂರಾದರೆ ಡೌನ್ ಸಿಂಡ್ರೋಮ್. ಇಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 95 ಮಂದಿಯ ಕಥೆ ಇಷ್ಟೇ. ತಾಯಿ ಉಂಡದ್ದು, ನೋಡಿದ್ದು, ಹೊತ್ತದ್ದು ಯಾವುದೂ ಇದಕ್ಕೆ ಕಾರಣವಲ್ಲ. ವಯಸ್ಸಿನೊಂದಿಗೆ ಸಾಧ್ಯತೆ ಏರುತ್ತದೆ: 25ರಲ್ಲಿ ಸುಮಾರು 1,200ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು.

ಉಳಿದವರಲ್ಲಿ, ಅಂದರೆ ಒಟ್ಟು ನೂರಕ್ಕೆ ಮೂರ್ನಾಲ್ಕು ಮಕ್ಕಳ ಕಥೆ ಬೇರೆ. ಅವರಲ್ಲಿ ಹೆಚ್ಚುವರಿ 21ನೆಯ ವರ್ಣತಂತು ಇನ್ನೊಂದಕ್ಕೆ, ಹೆಚ್ಚಾಗಿ 14ನೆಯದಕ್ಕೆ, ಅಂಟಿಕೊಂಡಿರುತ್ತದೆ. ಇದು ವಂಶದಲ್ಲಿ ಹರಿದು ಬಂದಿರಬಹುದು. ಇಂಥ ಅಂಟು ಜೋಡಣೆ ಇರುವ ತಂದೆಯಾಗಲಿ ತಾಯಿಯಾಗಲಿ ಪೂರ್ಣ ಆರೋಗ್ಯವಂತರು. ಅವರಿಗೇ ಅದರ ಸುಳಿವಿರುವುದಿಲ್ಲ. ಮಗುವಿನ ಮುಖ ನೋಡಿ ವೈದ್ಯರು ಡೌನ್ ಸಿಂಡ್ರೋಮ್ ಎಂದು ಊಹಿಸಬಲ್ಲರು, ಎರಡರಲ್ಲಿ ಯಾವುದೆಂದು ಹೇಳಲಾರರು. ಅದನ್ನು ಹೇಳುವುದು ಕ್ಯಾರಿಯೋಟೈಪ್ ಪರೀಕ್ಷೆ ಮಾತ್ರ. ಪದೇ ಪದೇ ಗರ್ಭಪಾತವಾದ ನೂರು ದಂಪತಿಗಳಲ್ಲಿ ಮೂರರಿಂದ ಐದು ದಂಪತಿಗಳಲ್ಲಿ ಒಬ್ಬರಿಗೆ ಇಂಥ ಅದಲುಬದಲು ಇರುತ್ತದೆ. ಆ ಒಬ್ಬರು ಗಂಡನೂ ಆಗಿರಬಹುದು.

ಈ ಪರೀಕ್ಷೆಗೆ ಬೇಕಾದ ಪ್ರಯೋಗಾಲಯ ತಾಲ್ಲೂಕು ಆಸ್ಪತ್ರೆಯಲ್ಲಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಹೆಪಾರಿನ್ ಇರುವ ಕೊಳವೆಯಲ್ಲಿ ಕೆಲವು ಮಿಲಿಲೀಟರ್ ರಕ್ತ ಸಾಕು. ಅದರ ಬಿಳಿ ಕಣಗಳನ್ನು ಸುಮಾರು 72 ಗಂಟೆ ಬೆಳೆಸಿ, ವಿಭಜನೆಯ ನಡುವೆ ತಡೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಕಣಗಳು ಜೀವಂತವಾಗಿರಬೇಕು, ಮಾದರಿಯನ್ನು ಹೆಪ್ಪುಗಟ್ಟಿಸಬಾರದು, ಒಂದೆರಡು ದಿನದೊಳಗೆ ತಲುಪಿಸಬೇಕು. ಕುಮಟಾದಿಂದ ಇಂಥ ಪ್ರಯೋಗಾಲಯವಿರುವ ಮಣಿಪಾಲಕ್ಕೆ ಹೆದ್ದಾರಿ 66ರಲ್ಲಿ ಕೆಲವೇ ಗಂಟೆಗಳ ದಾರಿ. ಬಾಣಂತಿ ಮಗುವನ್ನು ಕಟ್ಟಿಕೊಂಡು ಬಸ್ಸು ಹತ್ತುವ ಬದಲು ಕೊಳವೆಯೇ ಹೋಗಿಬರಬಹುದು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ನಿಗದಿತ ದಿನ ರಕ್ತ ಸಂಗ್ರಹ, ಫಲಿತಾಂಶ ಬಂದಾಗ ವಿಡಿಯೋ ಮೂಲಕವಾದರೂ ಆನುವಂಶಿಕ ತಜ್ಞರ ಸಮಾಲೋಚನೆ: ಸರ್ಕಾರ ಮಾಡಬೇಕಾದದ್ದು ಇಷ್ಟು.

ಜಿಲ್ಲೆಗೆ ಮೊದಲು ದೊಡ್ಡ ಆಸ್ಪತ್ರೆ ಬರಲಿ ಎನ್ನುವವರ ನೋವು ನನಗೆ ಅರ್ಥವಾಗುತ್ತದೆ. 2022ರ ಜುಲೈ 20ರಂದು ಹೊನ್ನಾವರದಿಂದ ದೂರದ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತದ್ದನ್ನು ಯಾರು ಮರೆತಾರು? ಆ ಬೇಡಿಕೆ ನಿಲ್ಲಬಾರದು. ಆದರೆ ಈ ವ್ಯವಸ್ಥೆಗೆ ಕಟ್ಟಡ ಬೇಡ, ಶಂಕುಸ್ಥಾಪನೆಯೂ ಬೇಡ. ವಾಸಿಯಾಗದ್ದನ್ನು ತಿಳಿದು ಏನು ಫಲ ಎಂಬ ಪ್ರಶ್ನೆಯೂ ಇದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ; ಬೇಗ ಗೊತ್ತಾದರೆ ಹಲವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮಕ್ಕಳ ತಪಾಸಣಾ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಕೂಡ ಸೇರಿದೆ. ಪರೀಕ್ಷೆಯಿಂದ ಗರ್ಭಪಾತಕ್ಕೆ ದಾರಿಯಾಗುತ್ತದೆ ಎಂಬ ಆತಂಕಕ್ಕೂ ಉತ್ತರವಿದೆ: ನಾನಿಲ್ಲಿ ಕೇಳುತ್ತಿರುವುದು ಹುಟ್ಟಿದ ಮಗುವಿನ, ತಂದೆತಾಯಿಯ ರಕ್ತ ಪರೀಕ್ಷೆ. ಮುಂದಿನ ಬಸಿರಿನ ತೀರ್ಮಾನ ಆ ದಂಪತಿಗೇ ಸೇರಿದ್ದು. ತಿಳಿದು ತೀರ್ಮಾನಿಸುವ ಹಕ್ಕು ಅವರಿಗಿರಲಿ.

ಅಲ್ಲಿಯವರೆಗೆ ಮನೆಯ ಹಿರಿಯರಲ್ಲಿ ಒಂದು ವಿನಂತಿ. ಸೊಸೆಯನ್ನು ಒಬ್ಬಳನ್ನೇ ಆಸ್ಪತ್ರೆಗೆ ಕಳಿಸಬೇಡಿ. ಮಗನೂ ಜೊತೆಗೆ ಹೋಗಲಿ, ರಕ್ತ ಕೊಡಲು ಅವನೂ ತೋಳು ಚಾಚಲಿ.