ಅಂಗೈಯ ತರಗತಿಯೂ ರಾತ್ರಿ ಶಾಲೆಯ ಬೆಂಚೂ

ಮೊಬೈಲು ವಿಶ್ವವಿದ್ಯಾಲಯದ ಕಲಿಕೆಯನ್ನು ಬದಲಿಸೀತೇ ಎಂದು ಈಗ ಕೇಳುವುದರಲ್ಲಿ ಹುರುಳಿಲ್ಲ. 2020ರ ಮಾರ್ಚಿನಲ್ಲಿ ದೇಶದ ಕಾಲೇಜುಗಳೆಲ್ಲ ಬಾಗಿಲು ಹಾಕಿಕೊಂಡಾಗ ಪಾಠವೆಂಬುದು ಉಳಿದದ್ದು ಅಂಗೈಯಗಲದ ಆ ಗಾಜಿನ ಮೇಲೆಯೇ. ಅನಂತರ ಬಾಗಿಲುಗಳು ತೆರೆದವು, ಮೊಬೈಲು ಮಾತ್ರ ತರಗತಿಯಿಂದ ಹೊರಗೆ ಹೋಗಲಿಲ್ಲ. ನಮ್ಮನ್ನು ಕಾಡುತ್ತಿರುವುದು ಇದಕ್ಕಿಂತ ಚಿಕ್ಕದಾದ, ನಮಗೆ ಇನ್ನೂ ಹತ್ತಿರವಾದ ಪ್ರಶ್ನೆ: ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿಗಳಂಥ ಊರುಗಳಲ್ಲಿ ಕುಳಿತು ಕನ್ನಡವನ್ನು ಒಂದು ಶಾಸ್ತ್ರವಾಗಿ ಕಲಿಯಬಯಸುವವರಿಗೆ ಈ ಸಾಧನದಿಂದ ಏನು ದಕ್ಕೀತು?

ಹೊರನಾಡ ಕನ್ನಡಿಗರಿಗೆ ಅನುಕೂಲವಿಲ್ಲದ ವೇಳೆಯಲ್ಲಿ ಓದುವುದು ಹೊಸತಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳನ್ನು ನೆನೆಯದೆ ಈ ಮಾತನ್ನು ಮುಂದುವರಿಸುವಂತಿಲ್ಲ. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಮೇಜು ಒರೆಸಿ, ಸಂಜೆ ಪುಸ್ತಕ ಹಿಡಿದು ಬೆಂಚಿನ ಮೇಲೆ ಕುಳಿತ ಹುಡುಗರಲ್ಲಿ ಮುಂದೆ ವಕೀಲರಾದವರು, ಬ್ಯಾಂಕು ಅಧಿಕಾರಿಗಳಾದವರು, ಬರೆಹಗಾರರಾದವರು ಇದ್ದಾರೆ. ಆ ಶಾಲೆ ಅವರಿಗೆ ಕೊಟ್ಟದ್ದು ಪಾಠವನ್ನಷ್ಟೇ ಅಲ್ಲ. ದಿನದಲ್ಲಿ ಎರಡು ತಾಸು ಯಾರೂ ಕಸಿಯಲಾರದಂತೆ ತಮ್ಮದಾಗಿರುವ ಹೊತ್ತು, ಪಕ್ಕದಲ್ಲಿ ತಮ್ಮಂತೆಯೇ ದಣಿದ ಇನ್ನೊಬ್ಬ, ಎದುರಿಗೆ ಹೆಸರು ಹಿಡಿದು ಕರೆಯುವ ಮೇಷ್ಟರು ಇವೂ ದೊರೆತವು. ಇಂದಿನ ವಿದ್ಯಾರ್ಥಿಯ ಬಳಿ ಸಾವಿರ ಪಾಠಗಳಿವೆ. ಆ ಎರಡು ತಾಸು ಇಲ್ಲ. ಮೊಬೈಲು ಪಾಠವನ್ನು ಲೋಕಲ್ ರೈಲಿನೊಳಕ್ಕೆ ತಂದಿತೆನ್ನುವುದು ನಿಜ, ಅದೇ ರೈಲಿನೊಳಕ್ಕೆ ಆಫೀಸನ್ನೂ ತಂದಿತು.

ತಂತ್ರಜ್ಞಾನದ ಮೂಲಕ ಶಿಕ್ಷಣವೆಂಬ ಆಸೆಯೂ ಹಳೆಯದೇ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ತಲುಪಿದವು. ಕರ್ನಾಟಕವೂ ಅದರಲ್ಲಿತ್ತು, ಪ್ರಸಾರದ ಭಾಷೆಗಳಲ್ಲಿ ಕನ್ನಡವೂ ಇತ್ತು. 1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ದೂರದರ್ಶನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಕಾರ್ಯಕ್ರಮ ಆರಂಭಿಸಿದಾಗ ಅದು ಮುಖ್ಯವಾಗಿ ಇಂಗ್ಲಿಷಿನಲ್ಲಿ ಮಾತನಾಡಿತು. ಹಳ್ಳಿಯ ಮಗುವಿಗೆ ಕನ್ನಡ ಸಾಕು, ಪದವಿಯ ಹುಡುಗನಿಗೆ ಸಾಲದು ಎಂಬ ಗ್ರಹಿಕೆ ಆ ಒಂಬತ್ತು ವರ್ಷಗಳ ಅಂತರದಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ಸ್ಥಿರಪಟ್ಟಿತ್ತು. 2017ರಲ್ಲಿ ಬಂದ ಸ್ವಯಂ ವೇದಿಕೆಯ ಮೇಲೂ ಆ ಗ್ರಹಿಕೆಯ ನೆರಳು ಬಿದ್ದಿದೆ ಎನ್ನದೆ ವಿಧಿಯಿಲ್ಲ.

ಇನ್ನು ಕನ್ನಡ ಎಂ.ಎ. ತರಗತಿಯ ಒಳಗೇ ನೋಡೋಣ. ಹೊರನಾಡಿನಲ್ಲಿ ಕನ್ನಡ ಓದಲು ಬರುವವರಲ್ಲಿ ಅನೇಕರು ಮರಾಠಿ, ತಮಿಳು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಬೆಳೆದವರು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ನಿರರ್ಗಳವಾಗಿ ಆಡುತ್ತಾರೆ. ಅಚ್ಚಿನ ಪುಟದೆದುರು ಮಾತ್ರ ತಡವರಿಸುತ್ತಾರೆ. ಇವರಿಗೆ ಮೊಬೈಲಿನಿಂದ ಆಗಿರುವ ಉಪಕಾರ ದೊಡ್ಡದು, ಅದು ಕಣ್ಣಿಗಿಂತ ಹೆಚ್ಚಾಗಿ ಕಿವಿಯ ಮೂಲಕ ಆದದ್ದು. ಅಧ್ಯಾಪಕರೊಬ್ಬರು ಭಾಮಿನಿ ಷಟ್ಪದಿಯೊಂದನ್ನು ಗಣ ಬಿಡಿಸಿ ಓದಿ, ಮತ್ತೆ ಕೂಡಿಸಿ ಓದಿ, ಎರಡು ನಿಮಿಷದ ಧ್ವನಿಮುದ್ರಿಕೆಯಾಗಿ ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು. ವಿರಾರದಿಂದ ಚರ್ಚ್‌ಗೇಟಿನವರೆಗೆ ನಿಂತೇ ಬರುವ ವಿದ್ಯಾರ್ಥಿ ಅದನ್ನು ಹತ್ತು ಸಲ ಕೇಳಬಲ್ಲಳು. ಕುಮಾರವ್ಯಾಸನ ಕಾವ್ಯವನ್ನು ನಮ್ಮ ಹಿರಿಯರು ಕೇಳಿಯೇ ಕಲಿತವರಲ್ಲವೇ? ಗಮಕಿಯ ಸ್ಥಾನದಲ್ಲಿ ಕಿವಿಗೆ ಸಿಕ್ಕಿಸಿದ ತಂತಿ ಬಂದಿದೆ.

ಅದೇ ಪದ್ಯವನ್ನು ಅದೇ ಮೊಬೈಲಿನಲ್ಲಿ ಓದಹೊರಟರೆ ಕಥೆ ಬೇರೆ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯವಕ್ಕೆ ಇಪ್ಪತ್ತಮೂರು. ಈ ನೀಳ ಸಾಲುಗಳು ಪರದೆಯ ಅಗಲಕ್ಕೆ ನಿಲ್ಲದೆ ನಡುವೆಯೇ ಮುರಿದು ಕೆಳಗಿಳಿಯುತ್ತವೆ. ಆರು ಸಾಲಿನ ಪದ್ಯ ಎಂಟು ಸಾಲಾಗಿ ಕಾಣುತ್ತದೆ. ಆದಿಪ್ರಾಸ ಎಲ್ಲಿಯದೆಂದು ತಿಳಿಯದೆ ಹೊಸಬರು ಕಂಗಾಲಾಗುತ್ತಾರೆ. ಇಷ್ಟು ಸಣ್ಣ ಸಂಗತಿಯನ್ನು ಸರಿಪಡಿಸಲು ದೊಡ್ಡ ಯೋಜನೆ ಬೇಕಿಲ್ಲ, ಪಠ್ಯವನ್ನು ಸಿದ್ಧಪಡಿಸುವವರಿಗೆ ಛಂದಸ್ಸು ಗೊತ್ತಿದ್ದರಾಯಿತು. ಹಾಗೆಯೇ ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಾದ ಟಿಪ್ಪಣಿಗಳು ಮೊಬೈಲಿನಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗುತ್ತವೆ. ಯೂನಿಕೋಡಿನಲ್ಲಿ ಕನ್ನಡ ನೆಲೆಗೊಂಡು ದಶಕಗಳಾದರೂ ಒಂದು ತಲೆಮಾರಿನ ಅಧ್ಯಾಪಕರ ಶ್ರಮ ಹೀಗೆ ಅವರ ಗಣಕಗಳಲ್ಲೇ ಬಂದಿಯಾಗಿರುವುದು ಖೇದದ ಸಂಗತಿ.

ನಿಘಂಟಿನ ಮಾತೂ ಹೀಗೆಯೇ. ವಿ. ಕೃಷ್ಣ ಅವರ ‘ಅಲರ್’ ಕೋಶದ ಒಂದೂವರೆ ಲಕ್ಷದಷ್ಟು ಪದಗಳು ಇಂದು ಯಾರಿಗೂ ಉಚಿತವಾಗಿ ಲಭ್ಯ. ‘ವಚನ ಸಂಚಯ’ದಲ್ಲಿ ಒಂದು ಪದ ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಹುಡುಕಬಹುದು. ಹಿಂದೆ ಇದಕ್ಕೆ ಗ್ರಂಥಾಲಯದಲ್ಲಿ ತಿಂಗಳುಗಟ್ಟಲೆ ಕೂರಬೇಕಿತ್ತು, ಹೊರನಾಡಿನಲ್ಲಾದರೆ ಆ ಗ್ರಂಥಾಲಯವೇ ಇರಲಿಲ್ಲ. ಆದರೆ ‘ಪೋದಂ’ ಎಂಬುದರ ಅರ್ಥ ತಿಳಿಯಬೇಕಾದರೆ ಅದರ ಧಾತು ‘ಪೋಗು’ ಎಂಬುದನ್ನೂ, ಆ ಪಕಾರ ಮುಂದೆ ಹಕಾರವಾಯಿತೆಂಬುದನ್ನೂ ಮೊದಲೇ ಅರಿತಿರಬೇಕು. ಅದನ್ನು ಅರಿಯದವರಿಗೆ ಕೋಶ ಕೈಯಲ್ಲಿದ್ದೂ ಬೀಗ ಹಾಕಿದ ಪೆಟ್ಟಿಗೆ. ಈಗೀಗ ಯಂತ್ರವನ್ನೇ ಕೇಳಿದರೆ ಅದು ಹಳಗನ್ನಡ ಪದ್ಯಕ್ಕೆ ಧೈರ್ಯವಾಗಿ ಏನೋ ಒಂದು ತಾತ್ಪರ್ಯ ಬರೆದುಕೊಡುತ್ತದೆ. ತಪ್ಪನ್ನು ಗುರುತಿಸಬಲ್ಲವರು ಎದುರಿಗಿರುವವರೆಗೆ ಅದೂ ಒಂದು ವಿನೋದ.

ನಮ್ಮ ಆತಂಕವಿರುವುದು ಇಲ್ಲಿ. ಮುಂಬಯಿ, ಮದರಾಸು, ಉಸ್ಮಾನಿಯಾ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಅಧ್ಯಯನಕ್ಕೆ ಹಳೆಯ ಚರಿತ್ರೆಯಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಕನ್ನಡ ಪೀಠವಿದೆ. ಎಲ್ಲಿಯೂ ವಿದ್ಯಾರ್ಥಿಗಳ ಗುಂಪು ದೊಡ್ಡದಲ್ಲ. ಅಧ್ಯಾಪಕರೊಬ್ಬರು ನಿವೃತ್ತರಾದಾಗ ಆಡಳಿತದ ಮೇಜಿನ ಮೇಲೆ ಬರುವ ಮೊದಲ ಪ್ರಶ್ನೆಯೇ ಸಂಖ್ಯೆಯದು. ಪಾಠಗಳೆಲ್ಲ ಮೊಬೈಲಿನಲ್ಲೇ ಸಿಗುವಾಗ ಇಷ್ಟು ಮಂದಿಗಾಗಿ ಒಂದು ಹುದ್ದೆ ಏಕೆ ಎಂಬುದು ಅದರ ಬೆನ್ನಿಗೇ ಬರುವ ಎರಡನೆಯದು. ಅಂಥ ಪ್ರಶ್ನೆಗೆ ಉತ್ತರವನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳದ ವಿಭಾಗಗಳು ಉಳಿಯಲಾರವು. ಒಮ್ಮೆ ಮುಚ್ಚಿದ ಭಾಷಾ ವಿಭಾಗವನ್ನು ಮತ್ತೆ ತೆರೆಯುವುದು ಎಷ್ಟು ಕಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ.

ಉತ್ತರವೂ ಮೊಬೈಲಿನಲ್ಲೇ ಇದೆ ಎಂಬುದು ನಮ್ಮ ಅಭಿಪ್ರಾಯ. ಅನುದಾನ ಆಯೋಗದ 2021ರ ನಿಯಮದಂತೆ ವಿದ್ಯಾರ್ಥಿಯು ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಪಡೆಯಬಹುದು. ಮುಂಬಯಿಯಲ್ಲಿ ಆರು ಮಂದಿ, ಚೆನ್ನೈಯಲ್ಲಿ ಮೂವರು, ದೆಹಲಿಯಲ್ಲಿ ಇಬ್ಬರು ಹಳಗನ್ನಡ ಬಯಸುವರೆಂದು ಇಟ್ಟುಕೊಳ್ಳಿ. ಬಿಡಿಬಿಡಿಯಾಗಿ ಅವರು ಲೆಕ್ಕಕ್ಕಿಲ್ಲ, ಕೂಡಿದರೆ ಒಂದು ಒಳ್ಳೆಯ ತರಗತಿ. ಒಂದೂರಿನ ಅಧ್ಯಾಪಕರು ಛಂದಸ್ಸನ್ನೂ ಇನ್ನೊಂದೂರಿನವರು ಶಾಸನಗಳನ್ನೂ ಎಲ್ಲರಿಗೂ ಕಲಿಸಲಿ. ಆದರೆ ಉಳಿದ ಶೇ. 60 ಆಯಾ ಊರಿನಲ್ಲೇ, ಬೆಂಚಿನ ಮೇಲೆ, ಮುಖ ನೋಡಿಯೇ ನಡೆಯಬೇಕು. ಅದಕ್ಕೆ ಅಲ್ಲೊಬ್ಬರು ಕಾಯಂ ಅಧ್ಯಾಪಕರಿರಬೇಕೆಂಬುದನ್ನು ಕೋರ್ಸಿನ ಒಪ್ಪಂದದಲ್ಲೇ ಬರೆಸಬೇಕು. ಸ್ನೇಹದ ಮಾತಿನಲ್ಲಿ ಬಿಟ್ಟರೆ ಅದು ನಿಲ್ಲದು.

ಇದಕ್ಕೆ ಮುಂದಾಳಾಗಲು 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಿಂತ ಯೋಗ್ಯರು ಯಾರು? ಕರ್ನಾಟಕದ ಹೊರಗೆ ಕನ್ನಡವೆಂದರೆ ರಾಜ್ಯೋತ್ಸವದ ವೇದಿಕೆ, ಶಾಲು, ಹಾರ ಎಂಬಲ್ಲಿಗೆ ನಿಲ್ಲುವ ಸರ್ಕಾರಿ ಔದಾರ್ಯದಲ್ಲಿ ಒಂದು ಪಾಲು ಇತ್ತ ಹರಿದರೂ ಸಾಕು. ಸ್ವಯಂ ಕೋರ್ಸುಗಳು ಜನವರಿ ಮತ್ತು ಜುಲೈಗಳಲ್ಲಿ ಆರಂಭವಾಗುತ್ತವೆ, ಒಪ್ಪಿಗೆಯ ಕಾಗದಪತ್ರಗಳಿಗೆ ಹೊತ್ತು ಹಿಡಿಯುತ್ತದೆ. ಷಟ್ಪದಿಯನ್ನು ಗಣ ತಪ್ಪದೆ ಓದಬಲ್ಲ ಹಿರಿಯರು ಮಾಟುಂಗದಲ್ಲೂ ಮೈಲಾಪುರದಲ್ಲೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ದನಿಯನ್ನು ಮುದ್ರಿಸಿಕೊಳ್ಳುವ ಕೆಲಸಕ್ಕಂತೂ ಯಾವ ಆಯೋಗದ ಒಪ್ಪಿಗೆಯೂ ಬೇಕಿಲ್ಲ.