ಚಳಿಯ ಮುಂದೆ ಗಂಡಸ್ತನ ನಡೆಯದು!

ಮಾಗಿ ಬಂತೆಂದರೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ರಸ್ತೆಗಳಲ್ಲಿ ಕೋಳಿ ಕೂಗುವ ಹೊತ್ತಿಗೇ ಹುಡುಗರ ಓಟ ಶುರು. ಹೆಚ್ಚಿನವರ ಕಣ್ಣು ಮಿಲಿಟರಿ, ಪೊಲೀಸ್ ಭರ್ತಿಯ ಮೇಲೆ. ಅಗ್ನಿವೀರನಾಗಲು ಓಡಬೇಕಾದ್ದು 1.6 ಕಿ.ಮೀ. ಅಷ್ಟೇ. ಆದರೆ ಓಟದ ರುಚಿ ಹತ್ತಿದವನು ಅಲ್ಲಿಗೇ ನಿಲ್ಲುವುದಿಲ್ಲ. 42 ಕಿ.ಮೀ.ಯ ಮ್ಯಾರಥಾನ್, ಅದನ್ನೂ ಮೀರಿದ ಅಲ್ಟ್ರಾ ಮ್ಯಾರಥಾನ್ ಈಗ ದೂರದ ಮಾತಲ್ಲ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೇ ಇಂಥ ಓಟ ನಡೆದಿದೆ. 2023ರ ಫೆಬ್ರವರಿಯಲ್ಲಿ ಲಡಾಖಿನ ಪ್ಯಾಂಗಾಂಗ್ ಸರೋವರದ ಹೆಪ್ಪುಗಟ್ಟಿದ ನೀರಿನ ಮೇಲೆ 21 ಕಿ.ಮೀ. ಓಡಿಸಿದ್ದೂ ಆಯಿತು.

ನಾಳೆ ಇಲ್ಲಿಂದಲೂ ಒಬ್ಬ ಅಂಥ ಕಡೆಗೆ ಹೊರಟಾನು. ಹೊರಡಲಿ. ಆದರೆ ಬರಿ ಮೈಯಲ್ಲಿ ಓಡುವುದು, ತಣ್ಣೀರು ಸುರಿದುಕೊಳ್ಳುವುದೇ ತಯಾರಿ ಅಂತ ನಂಬಿದ್ದರೆ ಪ್ರಾಣಕ್ಕೇ ಸಂಚಕಾರ.

ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದದ್ದು ನೋಡಿ. 2021ರ ಮೇ 22ರಂದು 100 ಕಿ.ಮೀ. ಓಟಕ್ಕೆ ನಿಂತವರು 172 ಮಂದಿ. ಗುಡ್ಡದ ಮೇಲೆ ಇದ್ದಕ್ಕಿದ್ದಂತೆ ಬಿರುಗಾಳಿ, ಆಲಿಕಲ್ಲು, ಮಳೆ. ಹಲವರ ಮೈಮೇಲೆ ಇದ್ದದ್ದು ಚಡ್ಡಿ, ತೆಳು ಬನಿಯನ್. ಸತ್ತವರು 21 ಮಂದಿ. ಹೆಸರಾಂತ ಓಟಗಾರ ಲಿಯಾಂಗ್ ಜಿಂಗ್ ಕೂಡ ಉಳಿಯಲಿಲ್ಲ. ಗಾಳಿ ತಡೆಯುವ ಅಂಗಿಯನ್ನು ಸಂಘಟಕರು ಕಡ್ಡಾಯ ಮಾಡಿರಲಿಲ್ಲ. ಆರು ಜನರನ್ನು ಗುಹೆಗೆ ಕರೆದೊಯ್ದು ಬೆಂಕಿ ಹಾಕಿ ಬದುಕಿಸಿದವನು ಒಬ್ಬ ಕುರಿ ಕಾಯುವವ!

ಒಳಗುಟ್ಟು ಇಷ್ಟೇ. ಓಡುವಾಗ ಮೈ ಬಿಸಿ, ಬೆವರು. ಸುಸ್ತಾಗಿ ನಡಿಗೆಗೆ ಇಳಿದರೆ ಬಿಸಿ ಹುಟ್ಟುವುದು ತಗ್ಗುತ್ತದೆ. ಒದ್ದೆ ಹತ್ತಿ ಬಟ್ಟೆ, ಮೇಲೆ ಗಾಳಿ, ಇದ್ದ ಬಿಸಿಯನ್ನೂ ಹೀರುತ್ತವೆ. ಒಳಮೈ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ನಡುಕ, ತೊದಲು, ತೂರಾಟ. ನೋಡಿದವರು ಕುಡಿದಿದ್ದಾನೆ ಅಂದುಕೊಳ್ಳಬೇಕು, ಹಾಗೆ! ಬ್ರಾಂದಿ ಕುಡಿದರೆ ಬೆಚ್ಚಗಾಗುತ್ತದೆ ಅನ್ನುವುದೂ ಸುಳ್ಳು. ಚರ್ಮಕ್ಕೆ ರಕ್ತ ನುಗ್ಗಿ ಶಾಖ ಇನ್ನೂ ಬೇಗ ಹೋಗುತ್ತದೆ.

ಮಲೆನಾಡಿನ ರೈತನಿಗೆ ಇದು ಹೊಸದಲ್ಲ. ನಾಟಿ ಗದ್ದೆಯಲ್ಲಿ ಕಂಬಳಿ ಕೊಪ್ಪೆ, ಗೊರಬು ಹಾಕಿದ್ದು ಚಂದಕ್ಕಲ್ಲ. ಉಣ್ಣೆ ಒದ್ದೆಯಾದರೂ ಬಿಸಿ ಹಿಡಿದಿಡುತ್ತದೆ, ಗೊರಬು ಮಳೆಗಾಳಿ ತಡೆಯುತ್ತದೆ. ಓಟಗಾರನಿಗೂ ಅದೇ ಲೆಕ್ಕ: ಮೈಗೆ ಬೆವರು ಹೊರದಬ್ಬುವ ಬಟ್ಟೆ, ಅದರ ಮೇಲೆ ಉಣ್ಣೆ, ಹೊರಗೆ ಗಾಳಿ ತಡೆಯುವ ಅಂಗಿ. ಬೆವರು ಕಿತ್ತುಕೊಂಡು ಬರುವ ಮೊದಲೇ ಒಂದನ್ನು ಬಿಚ್ಚಬೇಕು, ನಿಲ್ಲುವ ಮೊದಲೇ ಹಾಕಿಕೊಳ್ಳಬೇಕು. ನೀರಿನ ಬಾಟಲಿ ಅಂಗಿಯೊಳಗೆ ಇರಬೇಕು, ಇಲ್ಲದಿದ್ದರೆ ಗಡ್ಡೆ ಕಟ್ಟುತ್ತದೆ.

ಕಾಲಿನ ಕಸುವು, ರಾತ್ರಿ ಓಟ, ಬೆನ್ನ ಮೇಲೆ ಚೀಲ ಹೊತ್ತು ಓಡುವುದು, ಇವನ್ನೆಲ್ಲ ಸೊರಬದಲ್ಲೇ ಕಲಿಯಬಹುದು. ಹಿಮದ ಚಳಿಯನ್ನು ಇಲ್ಲಿ ಕಲಿಯಲಾಗದು. ನಮ್ಮ ಮಾಗಿ ಚಳಿ ಶಾಲು ಹೊದ್ದರೆ ಓಡಿಹೋಗುವಂಥದ್ದು. ಎತ್ತರದ್ದೂ ಅದೇ ಕಥೆ. ಸೈನ್ಯ ಕೂಡ 9 ಸಾವಿರ ಅಡಿ ದಾಟಿಸುವಾಗ ಜವಾನನನ್ನು ಮೊದಲ ಹಂತದಲ್ಲೇ 6 ದಿನ ಹದಗೊಳಿಸುತ್ತದೆ. ಲೇಹ್ ಇರುವುದು ಸುಮಾರು 11,500 ಅಡಿಯಲ್ಲಿ. ಸ್ವಂತ ದುಡ್ಡಿನಲ್ಲಿ ಹೋಗುವ ಹುಡುಗ ರಜೆ ಸಾಲದು ಅಂತ ಈ ದಿನಗಳನ್ನೇ ಕತ್ತರಿಸಿದರೆ ಗತಿ?

ಗೆದ್ದವನಿಗೆ ಹಾರ ಹಾಕಲು ಮುಖಂಡರು ಸಾಲುಗಟ್ಟುತ್ತಾರೆ. ಅದಕ್ಕೂ ಮೊದಲು ತಾಲ್ಲೂಕಿನ ವೈದ್ಯರು, ದೈಹಿಕ ಶಿಕ್ಷಣ ಶಿಕ್ಷಕರು ಒಂದು ಭಾನುವಾರ ಈ ಹುಡುಗರನ್ನು ಕೂರಿಸಿಕೊಂಡು ನಾಲ್ಕು ಮಾತು ಹೇಳಲಿ. ಅರ್ಧ ದಾರಿಯಲ್ಲಿ ಓಟ ಬಿಟ್ಟು ಬಂದವನು ಹೇಡಿಯಲ್ಲ ಅನ್ನುವುದು ಅದರಲ್ಲಿ ಮೊದಲನೆಯದಾಗಿರಲಿ.